ಅಪ್ಪನ ಕಣ್ಣೀರು

ಆ ಗಿರಣಿಗೆ ಇದ್ದದ್ದು ಒಂದೇ ಕಲ್ಲು. ಖಾರ ಬೀಸಿದರೆ ಆಮೇಲೆ ಬೀಸಿಸುವವರ ಹಿಟ್ಟು ಕೆಟ್ಟೀತೆಂದು, ನಾಗರ ಪಂಚಮಿಯ ಮುನ್ನಾದಿನ ಮೆಣಸಿನಕಾಯಿ ಡಬ್ಬಿ ಹಿಡಿದು ಬಂದ ಸುನಂದಾಳನ್ನು ಎಲ್ಲರೂ ಪಾಳಿಯ ಕೊನೆಗೆ ಅಟ್ಟಿದ್ದರು. ಮುಂದೆ ನಿಂತ ಇಬ್ಬರ ಮಾತು ಅವಳ ಕಿವಿಗೆ ಬೀಳುತ್ತಿತ್ತು.

"ಸುಶೀಲವ್ವ, ಹೋದ ವರ್ಷ ನಿಮ್ಮ ಅಳ್ಳಿಟ್ಟು ಖಾರ ಆಗಿತ್ತಂತಲ್ಲ?"

"ಹೂಂ ಶಿವಗಂಗವ್ವ. ಯಾರದೋ ಖಾರ ಬೀಸಿದ ಮ್ಯಾಲ ನಾ ಜ್ವಾಳದ ಅರಳು ಹಾಕಿಸಿದ್ದೆ. ಹಾಲು ಬೆಲ್ಲ ಕಲಸಿ ಕೊಟ್ರ, ನಮ್ಮನಿಯವರು ಮೊದಲ ತುತ್ತಿಗೇ ಗಳಗಳ ಅತ್ತರು."

"ಅಯ್ಯ! ಬೈದ್ರೇನು?"

"ಎಲ್ಲಿ ಬೈತಾರ? ಲಗ್ನ ಆಗಿ ಮೊದಲ ಪಂಚಮಿಗೆ ಬಂದ ಮಗಳು ಸ್ವಪ್ನಾ ಎದುರಿಗೇ ಕುಂತಿದ್ಲು. ಅಪ್ಪ ನನ್ನ ನೋಡಿ ಅತ್ತಾನಂತ ತಾನೂ ಅತ್ಲು. ಉಳಿದದ್ದನ್ನ ನಾ ಬಚ್ಚಿಟ್ಟೆ."

"ಖರೇ ಹೇಳಲಿಲ್ಲೇನು?"

"ಹೆಂಗ ಹೇಳ್ಲಿ? ಮಗಳ ಲಗ್ನದಾಗೂ ಅಳಲಿಲ್ಲ ಆ ಗಂಡಸು. ನಾಳೆ ಆಕಿ ಮತ್ತ ಬರ್ತಾಳ."

"ಈ ಸಲ ಏನ್ ಮಾಡ್ತೀರಿ?"

ಸುಶೀಲವ್ವ ಹಿಂತಿರುಗಿ ಸುನಂದಾಳ ಡಬ್ಬಿ ನೋಡಿದಳು.

"ತಂಗಿ, ನೀ ನನ್ನ ಮುಂದ ಬಾ."

ಕೊನೆಗೆ ತನ್ನ ಬಿಸಿ ಹಿಟ್ಟನ್ನು ಮೂಸಿ, ಎರಡು ಸಲ ಗಟ್ಟಿಯಾಗಿ ಸೀನಿ, ಸುಶೀಲವ್ವ ಸಮಾಧಾನದಿಂದ ಮನೆಗೆ ಹೊರಟಳು.