ಮುಂಚೆ ಬಂದ ಮಾತು

ಇದು ಎಲ್ಲೋ ದೂರದಲ್ಲಿ ನಡೆದದ್ದಲ್ಲ. ನಮ್ಮ ಮನೆ ಹಿಂದಿರೋ ಮನೇಲೇ ನಡೆದದ್ದು. ಆ ಮನೇಲಿ ಇಬ್ಬರೇ, ಒಬ್ಬ ಅಕ್ಕ, ಒಬ್ಬ ತಂಗಿ. ಅಕ್ಕನಿಗೆ ಆಫೀಸುಗಳಲ್ಲಿ ಇಂಟರ್ನೆಟ್ ಫೋನ್ ಕೂರಿಸೋ ಕೆಲಸ. ಬೀದಿಯವರೆಲ್ಲ ಅವಳನ್ನ ಫೋನಕ್ಕ ಅಂತಲೇ ಕರೆಯೋದು.

ಆವತ್ತು ಒಂದು ಆಸ್ಪತ್ರೇಲಿ ಹಳೇ ಫೋನುಗಳನ್ನೆಲ್ಲ ಕಿತ್ತು ಹೊಸದು ಹಾಕಿ, ಕೊನೇ ಬಸ್ಸಿಂದ ಇಳಿದಾಗ ಹನ್ನೊಂದಕ್ಕೆ ಹತ್ತು ನಿಮಿಷ ಇತ್ತು. ಕೇಬಲ್ ಹಾಕೋಕೆ ಅಂತ ನಮ್ಮ ರಸ್ತೆ ಅಗೆದು ಮಣ್ಣು ಗುಡ್ಡೆ ಹಾಕಿದ್ದರು. ಪಕ್ಕದ ಪಾಳು ಬಾವಿಯ ಕಟ್ಟೆ ಸವರಿಕೊಂಡೇ ದಾಟಬೇಕು. ಬೀದಿದೀಪ ಇಲ್ಲ. ಫೋನಲ್ಲಿ ನಾಲ್ಕು ಪರ್ಸೆಂಟ್ ಚಾರ್ಜು. ಟಾರ್ಚ್ ಹಾಕಿದರೆ ಅದೂ ಸತ್ತುಹೋಗುತ್ತೆ. ತಂಗಿ ಜೊತೆ ಮಾತಾಡ್ತಾ ಹೋದರಾಯ್ತು ಅಂತ ನೆಟ್‌ನಲ್ಲೇ ಕರೆ ಮಾಡಿದಳು.

"ಊಟ ಆಯ್ತೇನೇ?"

"ಆಯ್ತು. ಅಕ್ಕಾ... ನಿನ್ನ ಮಾತು ಎರಡೆರಡು ಸಲ ಕೇಳಿಸ್ತಿದೆ."

"ಎಕೋ ಕಣೇ. ಈ ನೆಟ್ ಫೋನು ಮಾತನ್ನ ಈರುಳ್ಳಿ ಥರ ಸಣ್ಣಗೆ ಹೆಚ್ಚುತ್ತೆ. ಒಂದೊಂದು ಚೂರಿಗೂ ನಂಬರ್ ಹಾಕಿ ಕಳಿಸುತ್ತೆ. ಒಂದು ಈ ದಾರಿ ಹಿಡಿಯುತ್ತೆ, ಇನ್ನೊಂದು ಆ ದಾರಿ. ನಿನ್ನ ಫೋನು ನಂಬರ್ ನೋಡಿ ಜೋಡಿಸಿಕೊಳ್ಳುತ್ತೆ. ನಡುವೆ ಏನಾದ್ರೂ ಎಡವಟ್ಟಾದ್ರೆ ಹೀಗಾಗುತ್ತೆ."

"ಹೆಚ್ಚಿದ್ದು ಸಾಕು ಬಿಡು, ಕಣ್ಣುರಿ ಬಂತು," ಅಂತ ತಂಗಿ ನಕ್ಕಳು.

ಆಮೇಲೆ ತಟ್ಟನೆ ದನಿ ತಗ್ಗಿಸಿದಳು.

"ಅಕ್ಕಾ... ಎಲ್ಲಿದ್ದೀಯ ಅಂತ ಕೇಳೋಣ ಅಂದ್ಕೊಂಡೆ. ಬಾಯಿ ಬಿಡೋಕೆ ಮುಂಚೆನೇ 'ಬಾವಿ ಹತ್ರ ಬಂದೆ' ಅಂದ್ಯಲ್ಲ?"

"ನಾನೆಲ್ಲಿ ಅಂದೆ?"

ಅಂದಿರಲಿಲ್ಲ. ಆದರೆ ಬಾವಿ ಹತ್ತಿರಾನೇ ಇದ್ದಳು.

ಫೋನಕ್ಕ ಹೆಜ್ಜೆ ನಿಲ್ಲಿಸಿದಳು. ಮಾತು ತಡವಾಗಿ ಬರಬಹುದು. ಅರ್ಧಂಬರ್ಧ ಬರಬಹುದು. ಕಳೆದೇ ಹೋಗಬಹುದು. ಇದೆಲ್ಲ ಅವಳು ದಿನಾ ರಿಪೇರಿ ಮಾಡೋದೇ. ಆಡೋಕೆ ಮುಂಚೆ ಬರುತ್ತಾ?

"ತಡಿ. ನಾನೊಂದು ನಂಬರ್ ಹೇಳ್ತೀನಿ. ಏನು ಕೇಳಿಸ್ತು ಹೇಳು."

ಮನಸ್ಸಲ್ಲೇ ಮೂವತ್ತೇಳು ಅಂದುಕೊಂಡಳು. ತುಟಿ ತೆರೆಯಲಿಲ್ಲ.

"ಮೂವತ್ತೇಳು," ಅಂತ ಪಿಸುಗುಟ್ಟಿದಳು ತಂಗಿ.

ಫೋನಕ್ಕ ಬಿರಬಿರನೆ ಹೆಜ್ಜೆ ಹಾಕಿದಳು. ಮನೆ ಸೇರಿದರೆ ಸಾಕು. ಚಪ್ಪಲಿ ಕೆಳಗೆ ಜಲ್ಲಿಕಲ್ಲು... ಕರಕ್... ಕರಕ್. ಎಡಗೈ ಚಾಚಿ ಕತ್ತಲಲ್ಲಿ ಬಾವಿ ಕಟ್ಟೆಗಾಗಿ ತಡವಿದಳು. ಕೈಗೆ ಸಿಗಲಿಲ್ಲ. ಇನ್ನೊಂದು ಹೆಜ್ಜೆ ಮುಂದೆ ಇರಬೇಕು ಅಂತ ಕಾಲೆತ್ತಿದಳು.

"ಅಕ್ಕಾ, ನಿಲ್ಲು!"

ಎತ್ತಿದ ಕಾಲು ಹಾಗೇ ನಿಂತಿತು.

"ಏನಾಯ್ತೇ?"

"ನೀನು ಕಿರುಚಿದೆ." ತಂಗಿಯ ಉಸಿರು ಮೇಲೆ ಕೆಳಗೆ ಆಗ್ತಿತ್ತು. "ಮಣ್ಣು ದರದರ ಅಂತ ಜಾರಿದ ಸದ್ದು... ಅಮ್ಮಾ ಅಂದೆ... ಆಮೇಲೆ ನೀರಿಗೆ ಬಿದ್ದ ಸದ್ದು. ಧುಡುಂ ಅಂತ. ಅಕ್ಕಾ, ನೀನು ಬಿದ್ದೆಯಾ?"

"ಇಲ್ವೇ. ನಿಂತಿದ್ದೀನಿ."

ಕಾಲನ್ನ ಮೆಲ್ಲಗೆ ಹಿಂದಕ್ಕಿಟ್ಟಳು. ಚಾರ್ಜ್ ಹಾಳಾಗಿ ಹೋಗಲಿ ಅಂತ ಟಾರ್ಚ್ ಹಾಕಿದಳು.

ಕಟ್ಟೆ ಇರಲಿಲ್ಲ. ಸಂಜೆ ರಸ್ತೆ ಅಗೆಯೋ ಯಂತ್ರ ತಾಗಿ ಆ ಕಡೆಯ ಗೋಡೆ ಪೂರ್ತಿ ಒಳಗೆ ಕುಸಿದಿತ್ತು. ಅವಳ ಹೆಬ್ಬೆರಳಿನ ಮುಂದೆ ಒಂದು ಗೇಣು ಸಡಿಲ ಮಣ್ಣು. ಅದರಾಚೆ ಬರೀ ಕಪ್ಪು. ಒಂದು ಹೆಂಟೆ ತಾನಾಗಿ ಉರುಳಿ ಒಳಗೆ ಬಿತ್ತು... ಎಷ್ಟೋ ಹೊತ್ತಿನ ಮೇಲೆ... ಬುಳುಕ್.

ಅಷ್ಟರಲ್ಲಿ ಫೋನು ಸತ್ತಿತು.

ಬಂದ ದಾರೀಲೇ ವಾಪಸ್ ಓಡಿ, ಊರೆಲ್ಲ ಸುತ್ತು ಹಾಕಿ ಮನೆ ಸೇರೋಕೆ ಮುಕ್ಕಾಲು ಗಂಟೆ ಹಿಡೀತು. ಬಾಗಿಲು ತೆರೆದೇ ಇತ್ತು. ತಂಗಿ ಗೋಡೆಗೆ ಒರಗಿ, ಎರಡೂ ಕಿವಿ ಮುಚ್ಚಿಕೊಂಡು ಕೂತಿದ್ದಳು. ಅವಳ ಫೋನು ಮಾರುದೂರದಲ್ಲಿ ನೆಲದ ಮೇಲೆ. ಬೆಳಕು ಹತ್ತಿಕೊಂಡೇ ಇತ್ತು.

ಅಕ್ಕನನ್ನ ಕಂಡಿದ್ದೇ ಗಟ್ಟಿಯಾಗಿ ತಬ್ಬಿಕೊಂಡಳು. ಕೈ, ಭುಜ, ಕೂದಲು ಎಲ್ಲ ಮುಟ್ಟಿ ನೋಡಿದಳು. ಎಲ್ಲೂ ಒದ್ದೆ ಇರಲಿಲ್ಲ.

"ನೀನು ಇಲ್ಲಿದ್ದೀಯ... ಮತ್ತೆ ಅದರಲ್ಲಿ ಯಾರು?"

ಫೋನಕ್ಕ ತನ್ನ ಸತ್ತ ಫೋನನ್ನ ಬ್ಯಾಗಿಂದ ತೆಗೆದು ನೋಡಿದಳು. ಆಮೇಲೆ ನೆಲದ ಮೇಲಿದ್ದ ಫೋನೆತ್ತಿ ಕಿವಿಗಿಟ್ಟಳು.

ನೀರು ಕಲ್ಲಿಗೆ ಬಡಿಯೋ ಸದ್ದು. ಚಳಕ್... ಚಳಕ್. ಉಗುರಿಂದ ಕಲ್ಲು ಕೆರೆಯೋ ಸದ್ದು. ಹಲ್ಲು ಕಟಕಟ ಅನ್ನೋದು. ನಡುವೆ ಅವಳದ್ದೇ ದನಿ. ಒಡೆದು ಹೋಗಿತ್ತು, ಆದರೂ ಅವಳದ್ದೇ.

"ಪುಟ್ಟೀ... ಫೋನ್ ಇಡಬೇಡ ಕಣೇ."

ತಂಗಿ ಅವಳ ತೋಳು ಜಗ್ಗಿದಳು. "ಕಟ್ ಮಾಡು ಅಕ್ಕಾ. ನಿನ್ನ ಕಾಲಿಗೆ ಬೀಳ್ತೀನಿ, ಕಟ್ ಮಾಡು."

ಬೆರಳು ಕೆಂಪು ಗುಂಡಿ ಹತ್ತಿರ ಹೋಯ್ತು. ಒಂದು ಸಲ ಒತ್ತಿದರೆ ಮುಗೀತು. ಒತ್ತೋಕೆ ಆಗಲಿಲ್ಲ ಅವಳಿಗೆ. ಆ ಕತ್ತಲಲ್ಲಿ, ಆ ತಣ್ಣೀರಲ್ಲಿ ಯಾರಿದ್ದಾರೋ... ಯಾರೇ ಆಗಲಿ, ಒಬ್ಬರೇ ಇದ್ದಾರೆ.

"ಬೇಡ ಕಣೇ," ಅಂದಳು. "ಅವಳು ನಿನ್ನ ಕರೀತಿದ್ದಾಳೆ. ಮಾತಾಡು."

ತಂಗಿ ಅಳ್ತಾ ಅಳ್ತಾ ಫೋನ್ ಈಸಿಕೊಂಡಳು. "ಇಲ್ಲೇ ಇದ್ದೀನಿ ಅಕ್ಕಾ... ಎಲ್ಲೂ ಹೋಗಲ್ಲ."

ಆ ಕಡೆ ಕೆರೆಯೋ ಸದ್ದು ನಿಂತಿತು. "ಹ್ಞೂಂ," ಅಂತಷ್ಟೇ ಬಂತು.

ಇಬ್ಬರೂ ಒಂದೇ ಹೊದಿಕೆಯೊಳಗೆ ಕೂತರು. ತಂಗಿ ಬಾಯಿಗೆ ಬಂದದ್ದೆಲ್ಲ ಹೇಳಿದಳು, ಚಿಕ್ಕವರಿದ್ದಾಗಿನದ್ದು, ಅಮ್ಮ ಬೈದಿದ್ದು. ಆ ಕಡೆಯಿಂದ ಮೊದಮೊದಲು ಉತ್ತರ ಬರ್ತಿತ್ತು. ಆಮೇಲೆ ಬರೀ ಉಸಿರು. ಬೆಳಗಿನ ಜಾವ ಮೂರು ಗಂಟೆ ಹತ್ತಿರ ಅದೂ ಇಲ್ಲ... ಕರೆ ತಾನಾಗಿ ನಿಂತಿತು.

ಬೆಳಿಗ್ಗೆ ಜನ ಸೇರಿ ಬಾವೀಲಿ ಕಬ್ಬಿಣದ ಕೊಕ್ಕೆಗಳ ಪಾತಾಳಗರಡಿ ಹಾಕಿ ಜಾಲಾಡಿದೆವು. ಕಟ್ಟೆಯ ಕಲ್ಲು ಬಿಟ್ಟರೆ ಏನೂ ಸಿಗಲಿಲ್ಲ. ಬೇಕಾದ್ರೆ ನಂಬಿ, ಬೇಡವಾದ್ರೆ ಬಿಡಿ. ಎರಡೂ ಫೋನು ನನ್ನ ಕೈಲಿ ಹಿಡಿದು ನೋಡಿದವನು ನಾನು. ಅಕ್ಕನ ಫೋನಲ್ಲಿ ಆ ಕರೆ ಹನ್ನೊಂದು ನಿಮಿಷ. ತಂಗಿಯ ಫೋನಲ್ಲಿ ನಾಲ್ಕು ಗಂಟೆ ಆರು ನಿಮಿಷ.