ಕಗ್ಗದ ಬೀಜ ಹೊತ್ತ ದೋಣಿ

ಕುಮಟಾ ಬಸ್‌ಸ್ಟ್ಯಾಂಡಿನಲ್ಲಿ ದುರ್ಗಜ್ಜಿ ಹೊನ್ನಾವರದ ಬಸ್ಸಿಗೆ ಕಾಯುತ್ತಿದ್ದಳು. ಹಳದೀಪುರದ ಮದುವೆಮನೆಯಲ್ಲಿ ಅವಳು ಪ್ರಳಯದ ಹಾಡು, ಜೀವಿಗಳನ್ನೂ ಬೀಜಗಳನ್ನೂ ಹೊತ್ತು ತೇಲಿದ ದೋಣಿಯ ಹಾಡು, ಹೇಳಬೇಕು. ಅಜ್ಜಿ ಎತ್ತಿದ ಸಾಲನ್ನು ಮೊಮ್ಮಗಳು ಜಯಶ್ರೀ ತಿರುಗಿ ಹಾಡಿದರೇ ಅಜ್ಜಿಗೆ ಉಸಿರಾಡಲು ಬಿಡುವು. ಕಾಲೇಜಿಗೆ ಹೋಗುವ ಆ ಮೊಮ್ಮಗಳು ಈಗ ಬಸ್‌ಸ್ಟ್ಯಾಂಡಿಗೆಲ್ಲ ಕೇಳುವಂತೆ ಹಟ ಹಿಡಿದಿದ್ದಳು.

“ನಾ ಇವತ್ತು ದನಿ ಕೊಡೂದಿಲ್ಲ ಅಜ್ಜಿ. ಭೂಮಿಯೆಲ್ಲ ಮುಳುಗಿತ್ತು ಅಂಬುದು ಶುದ್ಧ ಸುಳ್ಳು.”

“ಎಂತಾ ಸುಳ್ಳು? ಹೋದ ಮಳೆಗಾಲದಲ್ಲಿ ನಮ್ಮ ಒಲೆಯೊಳಗೇ ಮೀನು ಮೊಟ್ಟೆ ಇಟ್ಟಿತ್ತು!”

“ಆನೆ, ಹುಲಿ, ಋಷಿಗಳು ಎಲ್ಲ ಒಂದೇ ದೋಣಿಯಲ್ಲಿ ಹಿಡೀತರಾ?”

“ನೀ ಹೊನ್ನಾವರ ಬಸ್ಸು ಹತ್ತಿದವಳೇ ಅಲ್ದಾ? ಹಿಡೀತರು.”

“ಆತು, ಹಿಡಿದ್ರು. ಉಪ್ಪುನೀರು ನುಗ್ಗಿದ್ರೆ ಗದ್ದೆಯ ಭತ್ತ ಸಾಯ್ತದೆ. ಭೂಮಿಯೆಲ್ಲ ಸಮುದ್ರ ಆದ್ಮೇಲೆ, ದೋಣಿಯಲ್ಲಿದ್ದ ಬೀಜ ಎಲ್ಲಿ ಮೊಳೀತು?”

ಮದುವೆಯಾಗಿ ಬಂದಾಗಿನಿಂದ ಹಾಡಿದ ಹಾಡು. ಈ ಪ್ರಶ್ನೆಯೊಂದು ದುರ್ಗಜ್ಜಿಗೆ ಹೊಳೆದೇ ಇರಲಿಲ್ಲ. ಬಾಯಲ್ಲಿದ್ದ ಎಲೆಅಡಿಕೆಯ ಕವಳವನ್ನು ಒಂದು ದವಡೆಯಿಂದ ಇನ್ನೊಂದಕ್ಕೆ ದಾಟಿಸಿದಳು.

“ಕಗ್ಗ ಭತ್ತ ಆಗಿರ್ಬೇಕು. ಅದು ಉಪ್ಪುನೀರಲ್ಲೇ ಬೆಳೀತದೆ.”

“ಹಾಡಲ್ಲಿ ಕಗ್ಗ ಎಲ್ಲಿದೆ?”

“ಇವತ್ತಿಂದ ಇದೆ.”

“ಅಂದ್ರೆ ಕಟ್ಟಿದ ಕತೆ ಅಂತ ನೀನೇ ಒಪ್ಪಿದೆ!”

“ನಾ ಯಾವಾಗ ನಿಜ ಅಂದಿದ್ದೆ ಮಾರಾಯ್ತಿ? ಹಾಡು ಅಂದಿದ್ದೆ. ನೀ ದನಿ ಕೊಡದಿದ್ರೆ ನನ್ನ ಉಸಿರು ಕಟ್ಟಿ ಮದುಮಕ್ಕಳ ಮುಂದೆಯೇ ಹೆಣ ಬೀಳ್ತದೆ. ಅದು ನಿಜ.”

ಬಸ್ಸು ಬಂತು. ಜಯಶ್ರೀ ಅಜ್ಜಿಯ ರಟ್ಟೆ ಹಿಡಿದು ಮೆಟ್ಟಿಲು ಹತ್ತಿಸಿದಳು.

“ನಾ ನಂಬೂದಿಲ್ಲ, ತಿಳೀತಾ? ಆದ್ರೆ ಕಗ್ಗದ ಸಾಲು ನಾ ಎತ್ತೂದು. ನೀ ತಿರುಗಿ ಹಾಡು.”