ಸುಧಾಕರ ಮಾಸ್ತರರ ಹೊಯ್ಗೆ ಚೀಲ

ವೇದಿಕೆಯ ಮೇಲಿರುವ ಹಿರಿಯರಿಗೆ, ಮುಂದಿನ ಸಾಲಿನಲ್ಲಿ ಕುಳಿತಿರುವ ಮಾಸ್ತರರ ಮಡದಿ, ತಂಗಿ ಸ್ವರ್ಣಲತಾಳಿಗೆ, ಅವರ ಮಗಳು ಪ್ರೇಕ್ಷಾಳಿಗೆ, ಉಪ್ಪುಂದದ ನಮ್ಮ ಊರವರಿಗೆ, ಹಿಂದೆ ಗೋಡೆಗೆ ಒರಗಿ ನಿಂತಿರುವ ನಮ್ಮ ಮಕ್ಕಳಿಗೆ — ಎಲ್ಲರಿಗೂ ಈ ಚಂದಯ್ಯನ ನಮಸ್ಕಾರ.

ಮಕ್ಕಳೇ, ಗೋಡೆ ಬಿಟ್ಟು ನಿಲ್ಲಿ. ಮಾಸ್ತರರು ಇದ್ದಿದ್ದರೆ ಇಷ್ಟು ಹೊತ್ತಿಗೆ ವಿಸಿಲ್ ಊದಿರುತ್ತಿದ್ದರು.

ನಾನು ಭಾಷಣ ಕಲಿತವನಲ್ಲ. ಮುಂಬೈಯಲ್ಲಿ ಹೋಟೆಲಿನ ಕೆಲಸ ಮಾಡುತ್ತ, ಪಕ್ಕದ ವ್ಯಾಯಾಮ ಶಾಲೆಯಲ್ಲಿ ನೋಡಿ ನೋಡಿ ಭಾರ ಎತ್ತುವುದನ್ನು ಕಲಿತು, ತೊಂಬತ್ತೆಂಟರಲ್ಲಿ ಊರಿಗೆ ಬಂದವನು. ಸುಧಾಕರ ಮಾಸ್ತರರು ಶಾಲೆಯ ಪಿ.ಟಿ. ಮಾಸ್ತರರು, ದೂರದ ಓಟದವರು. ಇಬ್ಬರೂ ಸೇರಿ ಕಡಲ ಬದಿಯಲ್ಲಿ ಒಂದು ಶೆಡ್ಡು ಕಟ್ಟಿದೆವು. ಆದರೆ ಏನು ಹೇಳಲಿ — ಅವರ ಓಟದ ಮಕ್ಕಳಿಗೆ ಭಾರ ಕಂಡರೆ ಆಗುವುದಿಲ್ಲ, ನನ್ನ ಭಾರದ ಮಕ್ಕಳಿಗೆ ಓಟ ಕಂಡರೆ ಆಗುವುದಿಲ್ಲ.

ನಮ್ಮ ಶೀನ ಇಲ್ಲೇ ಇದ್ದಾನೆ, ತಲೆ ತಗ್ಗಿಸಿದ್ದಾನೆ. ಒಂದು ದಿನ ಇವನು ಹೇಳಿದ: “ಮಾಷ್ಟ್ರೇ, ಬೇಕಾರೆ ನಿಮ್ಮನ್ನೇ ಹೆಗ್ಲ್ ಮೇಲೆ ಹೊತ್ಕಂಡ್ ನಿಂತ್ಕಂತೆ. ಓಡುಕ್ ಮಾತ್ರ ಹೇಳ್ಬೇಡಿ.”

ಮಾಸ್ತರರು ನಗಲಿಲ್ಲ. “ಹೊತ್ಕೋ ಮಾರಾಯ. ಹೊತ್ಕಂಡೇ ಓಡ್” ಎಂದರು.

ಓಡಿದ. ಇಡೀ ದಂಡೆ ನೋಡಿ ನಕ್ಕಿತು.

ಇನ್ನು ವಿನಯಾ. ಭಾರ ಎತ್ತಿದರೆ ಮೈ ಬಿಗಿದು ಓಟ ಕೆಡುತ್ತದೆ ಎಂದು ಅವಳ ಹೆದರಿಕೆ. ಅವಳ ತಾಯಿ ಸುಂದರಿಯ ಹೆದರಿಕೆ ಬೇರೆ. ಶೆಡ್ಡಿಗೇ ಬಂದು ಕೇಳಿದಳು: “ಹೆಣ್ ಮಗು ಗಂಡಿನ್ ಹಾಂಗೆ ಆದ್ರೆ ಯಾರ್ ಮದುವಿ ಆತ್ರ್ ಮಾಷ್ಟ್ರೇ?”

“ಸುಂದರಕ್ಕಾ, ನೀವ್ ದಿನಾ ಮೀನಿನ್ ಬುಟ್ಟಿ ಹೊತ್ಕಂಡ್ ತಿರ್ಗ್ತ್ರಿ. ನಿಮ್ಗ್ ಮೀಸಿ ಬಂದಿತ್ತಾ?”

ಸುಂದರಿ ಸೆರಗು ಬಾಯಿಗೆ ಹಿಡಿದು ನಕ್ಕಳು. ಮರುದಿನದಿಂದ ವಿನಯಾ ಭಾರ ಎತ್ತಿದಳು.

ಭಾರ ಎಂದರೆ ನಮ್ಮಲ್ಲಿ ಎಂಥದ್ದು? ಗೊಬ್ಬರದ ಚೀಲಕ್ಕೆ ದಂಡೆಯ ಮರಳು, ನಮ್ಮ ಹೊಯ್ಗೆ, ತುಂಬಿ, ಬಲೆ ನೂಲಿನಿಂದ ಬಾಯಿ ಹೊಲಿದದ್ದು. ಕಬ್ಬಿಣ ಬಂದದ್ದು ಎಷ್ಟೋ ಕಾಲದ ಮೇಲೆ. ಒಂದು ವರ್ಷ ಮೊದಲ ಮಳೆ ಬಿದ್ದ ರಾತ್ರಿ ಆ ಚೀಲಗಳು ಅಂಗಳದಲ್ಲೇ ಉಳಿದವು. ಬೆಳಿಗ್ಗೆ ಮೇಲ್ಗಡೆ ಒಣಗಿದಂತೆ ಕಾಣುತ್ತಿತ್ತು, ಯಾರಿಗೂ ಗೊತ್ತಾಗಲಿಲ್ಲ. ವಿನಯಾ ಹಿಡಿದು ಎತ್ತಿದಳು — ಏಳಲಿಲ್ಲ. ಮತ್ತೊಮ್ಮೆ — ಇಲ್ಲ. ನಿನ್ನೆ ಎದೆಯ ತನಕ ಬಂದ ಚೀಲ ಅದು. “ನಂಗ್ ಎಡಿತಿಲ್ಲೆ, ನನ್ ಶಕ್ತಿ ಹೋಯ್ತ್” ಎಂದು ಅಲ್ಲೇ ಕುಳಿತು ಅತ್ತಳು.

ಮಾಸ್ತರರು ಬಂದು ಚೀಲದ ಅಡಿಗೆ ಕೈ ಹಾಕಿ ನೋಡಿದರು. “ಹೊಯ್ಗೆ ನೆನ್ದಿತ್ ಮಗಾ. ಭಾರ ಅದ್ಕ್ ಬಂದದ್ದ್. ನಿಂಗ್ ಎಂತಾ ಆಯ್ಲಿಲ್ಲೆ.”

ಬೇರೆ ಚೀಲ ಕೊಡುವ ಎಂದೆ ನಾನು. ಅವರು ಒಪ್ಪಲಿಲ್ಲ. “ಎದೆ ತನ್ಕ ಬ್ಯಾಡ, ಮೊಣಕಾಲ್ ತನ್ಕ ಸಾಕ್. ಬಿಡ್ಬೇಡ ಅಷ್ಟೇ” ಎಂದರು. ಆ ಮಳೆಗಾಲವಿಡೀ ವಿನಯಾ ಅದನ್ನು ಮೊಣಕಾಲಿನ ತನಕವೇ ಎತ್ತಿದಳು.

ಹೋದ ವಾರ ಬೆಳಿಗ್ಗೆ, ಓಟ ಮುಗಿಸಿ ಮನೆಗೆ ಬಂದ ಮಾಸ್ತರರಿಗೆ ಎದೆನೋವು ಬಂತು. ಆಸ್ಪತ್ರೆ ಮುಟ್ಟಲಿಲ್ಲ.

ಅಂದಿನಿಂದ ಶೆಡ್ಡಿಗೆ ಬೀಗ. ಬರುವ ಆದಿತ್ಯವಾರ ರಾಜ್ಯಮಟ್ಟದ ಓಟವಿದೆ, ವಿನಯಾಳ ಹೆಸರಿದೆ. ಅವಳು ನನ್ನ ಮುಖಕ್ಕೇ ಹೇಳಿದಳು: “ಅಷ್ಟ್ ಓಡಿದ ಮಾಷ್ಟ್ರೇ ಹೋರ್ ಅಲ್ದಾ ಚಂದಯ್ಯಣ್ಣ. ಇನ್ನ್ ಓಡಿ ಎಂತ ಆಯ್ಕ್? ನಾ ಹೋತಿಲ್ಲೆ.”

ಈಗ ಮಾಸ್ತರರ ಒಂದು ಮಾತು ನೆನಪಾಗುತ್ತದೆ. ಒಮ್ಮೆ ಅವರನ್ನು ಕೇಳಿದ್ದೆ — ದಿನಾ ಓಡುತ್ತೀರಲ್ಲ, ಅಷ್ಟು ಖುಷಿಯಾ? “ಎಂತ ಖುಷಿ ಚಂದಯ್ಯಣ್ಣ. ದಿನಾ ಬೆಳಿಗ್ಗೆ ನಂಗೂ ಬ್ಯಾಡ ಅಂತಲೇ ಕಾಣತ್ತ್. ಅರ್ಧ ದಾರಿ ಕಾಲ್ ಬೈತ್ತ್. ಮತ್ತ್ ಒಂದ್ ಕಡೆ ಬಯ್ಯೂದ್ ನಿಲ್ಸತ್ತ್. ಆ ಜಾಗ ಕಾಂಬುಕೇ ಹೋಪ್ದ್.”

ತುಂಬ ವರ್ಷ ಬದುಕಬೇಕೆಂದು ಓಡಿದವರಲ್ಲ ಅವರು, ಮಗಾ. ಆ ಜಾಗಕ್ಕಾಗಿ ಓಡಿದವರು. ಅವರಿಗೆ ಅದು ದಿನವೂ ಸಿಕ್ಕಿತ್ತು, ಕಡೆಯ ದಿನವೂ.

ವಿನಯಾ, ಗೆದ್ದು ಬಾ ಎಂದು ಇಲ್ಲಿ ಯಾರೂ ನಿನಗೆ ಹೇಳುವುದಿಲ್ಲ. ಈಗ ಹೊಯ್ಗೆ ನೆನೆದಿದೆ. ನಿನಗೂ, ಶೀನನಿಗೂ, ಸ್ವರ್ಣಲತಾಳಿಗೂ — ನಮಗೆಲ್ಲ. ಎದೆಯ ತನಕ ಬೇಡ. ಮೊಣಕಾಲಿನ ತನಕ ಸಾಕು. ಶೆಡ್ಡಿನ ಬೀಗದ ಕೀಯನ್ನು ಪ್ರೇಕ್ಷಾ ಈಗಷ್ಟೇ ನನ್ನ ಕೈಗೆ ಕೊಟ್ಟಿದ್ದಾಳೆ. ನಾಳೆ ಬೆಳಿಗ್ಗೆ ಬಾಗಿಲು ತೆಗೆದಿರುತ್ತೇನೆ. ಬಂದರೆ ಬಾ, ಬಂದು ಸುಮ್ಮನೆ ಕುಳಿತರೂ ಆಯಿತು.

ಅಲ್ಲ — ಕುಳಿತುಕೊಳ್ಳಲು ಅವರು ಬಿಡುತ್ತಿರಲಿಲ್ಲ. ಓಟ ಮುಗಿಸಿದವರು ತಕ್ಷಣ ಕೂರಬಾರದು, ಒರಗಬಾರದು. ಆ ಒಂದು ವಿಷಯದಲ್ಲಿ ಮಾಸ್ತರರು ಬಹಳ ಕಟ್ಟುನಿಟ್ಟು. “ಕೂಕಂಬೇಡಿ. ಉಸ್ರ್ ಮನಿಗ್ ಬಪ್ಪ ತನ್ಕ ನಿಂತ್ಕಣಿ” ಎನ್ನುತ್ತಿದ್ದರು.

ಅವರ ಓಟ ಮುಗಿದಿದೆ. ನಿಲ್ಲುವುದೊಂದು ಬಾಕಿ ಉಳಿದಿದೆ, ಅದನ್ನು ಅವರ ಪರವಾಗಿ ನಾವು ಮಾಡುವ. ದಯವಿಟ್ಟು ಎಲ್ಲರೂ ಎದ್ದು ನಿಲ್ಲಿ — ಮಾತಿಲ್ಲದೆ, ಯಾವುದಕ್ಕೂ ಒರಗದೆ — ನಮ್ಮ ಉಸಿರು ಮನೆಗೆ ಬರುವ ತನಕ.